ಶಿವರಾಂಪೇಟೆಯ ಕಟ್ಟಿನ ಅಂಗಡಿ: ಮುದ್ರಣಕ್ಕಿಂತ ಮೌಂಟ್ ಮೇಲು

ಮೈಸೂರಿನ ಶಿವರಾಂಪೇಟೆಯ ಒಳರಸ್ತೆಯೊಂದರಲ್ಲಿ ದೇವರ ಪಟಗಳಿಗೂ ಮೈಸೂರು ಶೈಲಿಯ ಚಿತ್ರಗಳಿಗೂ ಕಟ್ಟು ಹಾಕಿಕೊಡುತ್ತಿದ್ದ ಹಳೆಯ ಅಂಗಡಿಯೊಂದು ಈಗ ಫೋಟೋ ಮುದ್ರಣವನ್ನೂ ಕೈಗೆತ್ತಿಕೊಂಡಿದೆ. ಕಲಾಮಂದಿರದ ಸುಚಿತ್ರ ಕಲಾ ಗ್ಯಾಲರಿಯಲ್ಲಿ ನಾಲ್ಕು ಜನ ಸೇರಿ ಪ್ರದರ್ಶನ ಏರ್ಪಡಿಸುವ ನಮ್ಮಂಥ ಹವ್ಯಾಸಿಗಳಿಗೆ ಮುದ್ರಣ, ಮೌಂಟ್ (ಚಿತ್ರದ ಸುತ್ತ ಕೂರಿಸುವ, ನಡುವೆ ಕಿಂಡಿ ಕತ್ತರಿಸಿದ ದಪ್ಪ ರಟ್ಟು), ಕಟ್ಟು ಮೂರೂ ಒಂದೇ ಕಡೆ ಸಿಗುವುದು ದೊಡ್ಡ ಅನುಕೂಲವೇ. ಮಂಡ್ಯ ಸೀಮೆಯ ಆಲೆಮನೆಗಳ ಕಪ್ಪು-ಬಿಳುಪು ಚಿತ್ರಗಳನ್ನೂ ಕೊಕ್ಕರೆಬೆಳ್ಳೂರಿನ ಕೆಲವು ವರ್ಣಚಿತ್ರಗಳನ್ನೂ ಅಲ್ಲಿಯೇ ಮಾಡಿಸಿದ ಮೇಲೆ ನನಗನಿಸಿದ್ದಿಷ್ಟು: ಮುದ್ರಣ ಸಾಧಾರಣ, ಮೌಂಟ್ ಕೆಲಸ ಮಾತ್ರ ಊರಿನಲ್ಲಿ ಸುಲಭಕ್ಕೆ ಸಿಗದಂಥದು.

ಮುದ್ರಣಕ್ಕೆ ಎರಡು ದಾರಿಗಳಿವೆ. ಒಂದು, ಮದುವೆ ಫೋಟೋಗಳಿಗೆ ಬಳಸುವ ಲ್ಯಾಬ್ ಕಾಗದ. ಇನ್ನೊಂದು, ಹತ್ತಿಯ ಕಾಗದದ ಮೇಲೆ ಪಿಗ್ಮೆಂಟ್ (ಕರಗದ ಬಣ್ಣದ ಪುಡಿಯ) ಶಾಯಿಯ ಇಂಕ್‌ಜೆಟ್. ಎರಡನೆಯದು ಮೊದಲನೆಯದಕ್ಕಿಂತ ಹಲವು ಪಟ್ಟು ದುಬಾರಿ. ಬಣ್ಣದ ಕೊಕ್ಕರೆಯ ಬಾಲದ ಹತ್ತಿರ ಇಳಿಬಿದ್ದಿರುವ ಗುಲಾಬಿ ಗರಿಗಳು ಲ್ಯಾಬ್ ಕಾಗದದಲ್ಲಿಯೂ ಚೆನ್ನಾಗಿಯೇ ಬಂದವು. ಆದರೆ ಆಲೆಮನೆಯ ಚಿತ್ರಗಳಲ್ಲಿ ಕೊಪ್ಪರಿಗೆಯ ಹಿಂದಿದ್ದ ರಚ್ಚಿನ (ಹಿಂಡಿದ ಕಬ್ಬಿನ ಸಿಪ್ಪೆಯ) ರಾಶಿ ಕತ್ತಲೆಯಲ್ಲಿ ಕಲಸಿಹೋಯಿತು. ಹೊಗೆಯ ಬೂದುಬಣ್ಣಕ್ಕೆ ತೆಳುವಾದ ಹಸಿರು ಛಾಯೆ ಹತ್ತಿತು. ಲ್ಯಾಬ್‌ನ ಬಣ್ಣದ ಕಾಗದದಲ್ಲಿ ಬೂದು ಹುಟ್ಟುವುದೇ ಮೂರು ವರ್ಣದ್ರವ್ಯಗಳ ಸಮತೋಲನದಿಂದ. ಅದು ಸ್ವಲ್ಪ ಜಾರಿದರೂ ವರ್ಣಚಿತ್ರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಕಪ್ಪು-ಬಿಳುಪಿನಲ್ಲಿ ಕಣ್ಣಿಗೆ ರಾಚುತ್ತದೆ. ಅವೇ ಚಿತ್ರಗಳನ್ನು ಹತ್ತಿಯ ಕಾಗದದ ಮೇಲೆ ತೆಗೆಸಿದಾಗ, ಆ ಯಂತ್ರದಲ್ಲಿ ಬೂದು ಶಾಯಿಗಳೇ ಬೇರೆಯಾಗಿ ಇರುವುದರಿಂದ, ಹಸಿರು ಛಾಯೆ ಪೂರ್ತಿ ಹೋಯಿತು, ರಚ್ಚಿನ ರಾಶಿಯೂ ಎದ್ದು ಬಂತು. ದುಡ್ಡು ಹೆಚ್ಚಾದರೂ ಕಪ್ಪು-ಬಿಳುಪಿಗೆ ಇದನ್ನೇ ಆರಿಸಿಕೊಳ್ಳುವುದು ಲೇಸು.

ಅಂಗಡಿಯವರು ಫೈಲು ಕೈಗೆ ಬಂದ ಕೂಡಲೇ ತಮ್ಮಷ್ಟಕ್ಕೆ ‘ಕರೆಕ್ಷನ್’ ಮಾಡಿ ಹೊಳಪು ಏರಿಸುತ್ತಾರೆ. ಬೇಡವೆಂದು ಆರ್ಡರ್ ಚೀಟಿಯ ಮೇಲೆ ಬರೆಸಬೇಕು. ಅವರ ಕಾಗದದ ಪ್ರೊಫೈಲ್ (ಆ ಕಾಗದದ ಮೇಲೆ ಬಣ್ಣ ಹೇಗೆ ಮೂಡುತ್ತದೆಂದು ಕಂಪ್ಯೂಟರಿಗೆ ತಿಳಿಸುವ ಫೈಲು) ಕೇಳಿದರೆ ಸಿಗುವುದಿಲ್ಲ, ಹಾಗಾಗಿ ಮುದ್ರಣ ಹೇಗೆ ಬಂದೀತೆಂದು ಮನೆಯ ಪರದೆಯಲ್ಲಿ ಮೊದಲೇ ನೋಡಿಕೊಳ್ಳುವ ಹಾಗಿಲ್ಲ. ಇದಕ್ಕೆ ಪರಿಹಾರವೆಂಬಂತೆ ಚಿಕ್ಕದೊಂದು ಪರೀಕ್ಷಾ ಪ್ರತಿಯನ್ನು ಕಡಿಮೆ ಬೆಲೆಗೆ ತೆಗೆದುಕೊಡುತ್ತಾರೆ. ಅದನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿ ಒಪ್ಪಿಕೊಳ್ಳದೆ ಹೊರಗೆ ಹಗಲು ಬೆಳಕಿಗೆ ತಂದು ನೋಡಬೇಕು. ಅಳತೆಯ ವಿಷಯದಲ್ಲಿ ತೊಂದರೆಯೇನೂ ಇಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000×4000 ಚಿತ್ರ 12×18 ಇಂಚಿಗೆ ಇಂಚೊಂದಕ್ಕೆ 333 ಪಿಕ್ಸೆಲ್‌ನಂತೆ ಧಾರಾಳವಾಗಿ ಸಾಲುತ್ತದೆ.

ಇನ್ನು ಮೌಂಟ್. ಇದು ಬರೀ ಅಲಂಕಾರದ ಬಿಳಿ ಪಟ್ಟಿ ಎಂದುಕೊಂಡವರು ನಮ್ಮಲ್ಲಿ ಬಹಳ. ನಿಜವಾಗಿ ಅದು ಗಾಜಿಗೂ ಚಿತ್ರಕ್ಕೂ ನಡುವೆ ತೆರಪು ಉಳಿಸುತ್ತದೆ. ಮಳೆಗಾಲದ ತೇವದಲ್ಲಿ ಗಾಜಿಗೆ ಒತ್ತಿಕೊಂಡ ಲ್ಯಾಬ್ ಪ್ರಿಂಟಿನ ಜಿಲೆಟಿನ್ ಪದರ ಗಾಜಿಗೇ ಅಂಟಿಕೊಂಡುಬಿಡುತ್ತದೆ. ಎಷ್ಟೋ ಮನೆಗಳ ಹಳೆಯ ಮದುವೆ ಫೋಟೋಗಳಲ್ಲಿ ಕಾಣುವ ಒದ್ದೆಯಾದಂಥ ಕಲೆ ಹೀಗೆಯೇ ಬಂದದ್ದು.

ಇಲ್ಲಿ ಮೌಂಟ್ ಕತ್ತರಿಸುವ ಹಿರಿಯರು ದಶಕಗಳಿಂದ ಇದೇ ಕೆಲಸದಲ್ಲಿದ್ದಾರೆ. ಬೋರ್ಡನ್ನು ಮಗುಚಿಟ್ಟು, ಹಿಂಬದಿಯಲ್ಲಿ ಪೆನ್ಸಿಲ್ ಗೆರೆ ಎಳೆದು, ಕೆಳಗೆ ಇನ್ನೊಂದು ರದ್ದಿ ಬೋರ್ಡಿನ ತುಂಡನ್ನು ಹಾಸಿಕೊಳ್ಳುತ್ತಾರೆ. ಹಾಗೆ ಹಾಸದಿದ್ದರೆ ಬ್ಲೇಡಿನ ತುದಿ ಅಂಚನ್ನು ಕಿತ್ತು ಜೂಲು ಎಬ್ಬಿಸುತ್ತದೆ. 45 ಡಿಗ್ರಿ ಓರೆಯಲ್ಲಿ ಬ್ಲೇಡ್ ಇಳಿಸಿ, ಗೆರೆಗಿಂತ ಕೂದಲೆಳೆಯಷ್ಟು ಹಿಂದಿನಿಂದ ಆರಂಭಿಸಿ, ಒಂದೇ ಎಳೆತಕ್ಕೆ ಮೂಲೆ ಮುಟ್ಟಿಸುತ್ತಾರೆ. ನಾಲ್ಕನೆಯ ಗೆರೆ ಮುಗಿಯುತ್ತಿದ್ದಂತೆ ನಡುವಿನ ತುಂಡು ತಾನಾಗಿ ಕೆಳಗೆ ಬೀಳುತ್ತದೆ, ಕೈಯಿಂದ ಕೀಳಬೇಕಾಗುವುದಿಲ್ಲ. ನನ್ನ ಮೌಂಟ್‌ಗಳ ಮೂಲೆಗಳನ್ನು ಭೂತಗನ್ನಡಿಯಿಟ್ಟು ನೋಡಿದರೂ ಬ್ಲೇಡ್ ದಾಟಿದ ಗೀರು ಒಂದೂ ಕಾಣಲಿಲ್ಲ. ನಾಲ್ಕೂ ಕಡೆ ಸಮ ಬಿಡಿ ಎಂದು ನಾನು ಹೇಳಿದ್ದಕ್ಕೆ, “ಸಮ ಬಿಟ್ರೆ ಗೋಡೆ ಮೇಲೆ ಫೋಟೋ ಕೆಳಕ್ಕೆ ಜಾರಿದಂಗೆ ಕಾಣುತ್ತೆ ಸಾರ್, ಕೆಳಗಡೆ ಅರ್ಧ ಇಂಚು ಜಾಸ್ತಿ ಬಿಡ್ತೀನಿ, ನೋಡಿ” ಎಂದರು. ಬಿಟ್ಟ ಮೇಲೆ ನೋಡಿದರೆ ಅವರು ಹೇಳಿದ್ದೇ ಸರಿ.

ಇಷ್ಟು ನಾಜೂಕಾಗಿ ಕತ್ತರಿಸುವ ಅಂಗಡಿ ಚಿತ್ರವನ್ನು ಅಂಟಿಸುವಾಗ ಮಾತ್ರ ಅಸಡ್ಡೆ ತೋರುತ್ತದೆ. ಕೇಳದಿದ್ದರೆ ನಾಲ್ಕೂ ಅಂಚಿಗೆ ಎರಡೂ ಬದಿ ಅಂಟುವ ಡಬಲ್ ಟೇಪ್ ಹಚ್ಚಿ ಹಿಂದೆ ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ) ಹಲಗೆ ಇಟ್ಟು ಮೊಳೆ ಹೊಡೆಯುತ್ತಾರೆ. ತೇವಕ್ಕೆ ಕಾಗದ ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲದಿದ್ದರೆ ಅಲೆಯಲೆಯಾಗಿ ಏಳುತ್ತದೆ. ಚಿತ್ರವನ್ನು ಮೇಲಂಚಿನಲ್ಲಿ ಮಾತ್ರ ಎರಡು ತುಂಡು ಕಾಗದದ ಪಟ್ಟಿಯಿಂದ ತೂಗುಬಿಡಬೇಕೆಂಬುದು ಇದೇ ಕಾರಣಕ್ಕೆ. ಎಂಡಿಎಫ್‌ನಿಂದ ಹೊಮ್ಮುವ ಆಮ್ಲದ ಅಂಶವೂ ಸಾಮಾನ್ಯ ಮರದ ತಿರುಳಿನ ಮೌಂಟ್ ಬೋರ್ಡಿನದೂ ಸೇರಿ, ಓರೆ ಕತ್ತರಿಸಿದ ಆ ಸೊಗಸಾದ ಬಿಳಿ ಅಂಚೇ ಕೆಲವು ವರ್ಷಗಳಲ್ಲಿ ಹಳದಿಯಾಗುತ್ತದೆ. ಆಮ್ಲವಿಲ್ಲದ ‘ಆಸಿಡ್-ಫ್ರೀ’ ಬೋರ್ಡ್ ಅಂಗಡಿಯಲ್ಲಿ ಇದೆ, ಆದರೆ ಮುಂದಿಟ್ಟು ತೋರಿಸುವುದಿಲ್ಲ; ಹೆಸರು ಹಿಡಿದು ಕೇಳಿದರೆ ಒಳಗಿನಿಂದ ತರುತ್ತಾರೆ. ಪಟ್ಟಿ ಹಾಕಿ ತೂಗುಬಿಡಲು ಹೇಳಿದಾಗಲೂ ಬೇಸರಿಸದೆ ಮಾಡಿಕೊಟ್ಟರು ಎಂಬುದನ್ನು ಹೇಳಲೇಬೇಕು. ಆದರೆ ಅಂಗಡಿಯ ಹುಡುಗ ಹತ್ತಿಯ ಕಾಗದದ ಮುದ್ರಣವನ್ನು ಬರಿಗೈಯಲ್ಲಿ ನಡುವೆಯೇ ಹಿಡಿದೆತ್ತಿದ್ದು ಒಪ್ಪತಕ್ಕದ್ದಲ್ಲ. ಆ ಮೇಲ್ಮೈ ಸವೆದರೆ ಒರೆಸಿ ಸರಿಪಡಿಸಲು ಬರುವುದಿಲ್ಲ.

ಗಾಜಿಗೆ ಸಂಬಂಧಿಸಿದಂತೆ ಒಂದು ಮಾತು. ಪ್ರತಿಫಲನ ಕಡಿಮೆ ಮಾಡುವ ಮಬ್ಬು ಗಾಜನ್ನು ಇವರು ಉತ್ಸಾಹದಿಂದ ಶಿಫಾರಸು ಮಾಡುತ್ತಾರೆ. ಆದರೆ ಮೌಂಟ್‌ನಿಂದಾಗಿ ಗಾಜು ಚಿತ್ರದಿಂದ ದೂರ ಸರಿದಷ್ಟೂ ಅಂಥ ಗಾಜಿನಲ್ಲಿ ಚಿತ್ರದ ಹರಿತ ಮಂಕಾಗುತ್ತದೆ. ಸಾದಾ ಗಾಜು ಹಾಕಿಸಿ, ಕಿಟಕಿಗೆ ಎದುರಾಗದ ಗೋಡೆ ಹುಡುಕುವುದು ಮೇಲು. ಬೇರೆ ಕಡೆ ಮಾಡಿಸಿದ ಮುದ್ರಣ ತಂದುಕೊಟ್ಟರೂ ಇವರು ಮೌಂಟ್ ಮಾಡಿಕೊಡುತ್ತಾರೆ, ಮುಂದಿನ ಬಾರಿ ನಾನು ಹಾಗೆಯೇ ಮಾಡುವವನಿದ್ದೇನೆ. ದಸರೆಯ ಮುಂಚಿನ ವಾರಗಳಲ್ಲಿ ದೇವರ ಪಟಗಳ ಕೆಲಸ ಮುಗಿಬೀಳುವುದರಿಂದ ಆಗ ಹೋದರೆ ಹೇಳಿದ ದಿನಕ್ಕೆ ಕೈಗೆ ಸಿಗುವುದು ಕಷ್ಟ.