ತೋರಿಸಿದ್ದು ಒಂದು, ಡಬ್ಬಿಯಲ್ಲಿ ಬಂದದ್ದು ಇನ್ನೊಂದು: ಫ್ಲೋರ್ ಲ್ಯಾಂಪ್ ಕೊಳ್ಳುವವರು ದಯವಿಟ್ಟು ಓದಿ

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಯಾರಾದರೂ ಮನೆಗೆ ಫ್ಲೋರ್ ಲ್ಯಾಂಪ್ ತರುವ ಯೋಚನೆಯಲ್ಲಿದ್ದರೆ ಇದನ್ನು ಪೂರ್ತಿ ಓದಿ. ಅದೇ, ನೆಲದ ಮೇಲೆ ಉದ್ದಕ್ಕೆ ನಿಲ್ಲಿಸುವ, ಮೇಲೆ ಬಟ್ಟೆಯ ಶೇಡ್ ಇರುವ ದೀಪ. ನನ್ನ 6,800 ರೂಪಾಯಿ ಹೋಗಿದೆ. ದುಡ್ಡಿನ ಸಂಕಟ ಒಂದು ಕಡೆ ಇರಲಿ. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ನನ್ನನ್ನೇ ಸುಳ್ಳುಗಾರ್ತಿ ಮಾಡಿದರಲ್ಲ, ಅದು ಈಗಲೂ ಹೊಟ್ಟೆ ಉರಿಸುತ್ತಿದೆ. ಅಂಗಡಿಯ ಹೆಸರು ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ. ಆದರೆ ನಡೆದದ್ದನ್ನು ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ದೀಪ ಬೇಕಿದ್ದದ್ದು ಆಯಿಯ ಕೋಣೆಗೆ. ಆಯಿ ಈಗ ನಮ್ಮ ಜೊತೆಗೇ ಇದ್ದಾಳೆ. ರಾತ್ರಿ ಎದ್ದರೆ ಟ್ಯೂಬ್‌ಲೈಟಿನ ಸ್ವಿಚ್ ಬಾಗಿಲ ಹತ್ತಿರ, ಕತ್ತಲಲ್ಲಿ ತಡಕಾಡಬೇಕು. ಮಲಗುವ ಮುಂಚೆ ಸ್ವಲ್ಪ ಓದುವ ಅಭ್ಯಾಸವೂ ಇದೆ. ಗೋಡೆಗೆ ದೀಪ ಹಾಕಿಸೋಣ ಎಂದರೆ ನಮ್ಮದು ಹಳೆಯ ಚಿರೇಕಲ್ಲಿನ ಮನೆ. ಡ್ರಿಲ್ ಇಟ್ಟರೆ ಗಿಲಾವೇ ಉದುರುತ್ತದೆ. ಮಂಚದ ಪಕ್ಕ ಮೇಜು ಇಡಲು ಜಾಗ ಇಲ್ಲ. ಹಾಗಾಗಿ ಫ್ಲೋರ್ ಲ್ಯಾಂಪ್.

ಅಂಗಡಿಗೆ ಹೋದ ಕೂಡಲೇ ನಾನು ಹೇಳಿದ ಮೊದಲ ಮಾತೇ ಇದು: ನಮ್ಮ ಮನೆ ಸಮುದ್ರದಿಂದ ಕೂಗಳತೆಯಲ್ಲಿದೆ, ಕಬ್ಬಿಣದ್ದು ಬೇಡವೇ ಬೇಡ. ಇಲ್ಲಿಯವರಿಗೆ ಗೊತ್ತಲ್ವಾ, ಉಪ್ಪುಗಾಳಿಗೆ ಕಿಟಕಿಯ ಸರಳು, ಗೇಟಿನ ತಿರುಗಣಿ, ಫ್ರಿಜ್ಜಿನ ಕಾಲು ಎಲ್ಲ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತವೆ. ಎರಡನೆಯ ಮಾತು, ಬೆಳಕು ಹಳದಿ ಇರಬೇಕು, ಕಣ್ಣಿಗೆ ಚುಚ್ಚಬಾರದು. ಮೂರನೆಯದು, ಆಯಿ ಕೈ ತಗುಲಿಸಿದರೂ ಬೀಳಬಾರದು. ಈ ಮೂರನ್ನೂ ಸ್ಪಷ್ಟವಾಗಿ, ಎರಡೆರಡು ಸಲ ಹೇಳಿದ್ದೆ. ಜೊತೆಗೆ ನಮ್ಮನೆಯವರೂ ಇದ್ದರು, ಅವರೂ ಕೇಳಿದ್ದಾರೆ.

ಮಾಲಕರು ಮೂಲೆಯಲ್ಲಿ ಉರಿಯುತ್ತಿದ್ದ ಒಂದು ದೀಪ ತೋರಿಸಿದರು. ಚೆಂದವಾಗಿತ್ತು, ಸುಳ್ಳು ಹೇಳುವುದಿಲ್ಲ. ಕೋಲು ಮುಟ್ಟಿದರೆ ತಣ್ಣಗೆ, ದಪ್ಪ. ಬುಡವನ್ನು ಜರುಗಿಸಲು ನೋಡಿದೆ, ಒಬ್ಬಳಿಂದ ಆಗಲಿಲ್ಲ. ಬೆಳಕು ಹಳದಿ, ಹದವಾಗಿತ್ತು. "ಪೂರಾ ಹಿತ್ತಾಳೆ ಅಕ್ಕೋರೇ, ಮೊರಾದಾಬಾದಿನ ಮಾಲು" ಎಂದರು. ಹಿತ್ತಾಳೆ ಕೆಲಸಕ್ಕೆ ಮೊರಾದಾಬಾದ್ ಹೆಸರಾದ ಊರು, ನಿಜ. ಆ ಹೆಸರು ಹೇಳಿಯೇ ಮಾರಿದರು. ಮುಂಗಡ ಕೊಟ್ಟೆ. ಆಗ ಬಂತು ಈ ಮಾತು: "ಇದು ಡಿಸ್‌ಪ್ಲೇ ಪೀಸ್, ಧೂಳು ಹಿಡಿದದೆ. ಗೋಡೌನಿನಿಂದ ಸೀಲ್ ಇದ್ದ ಡಬ್ಬಿನೇ ಕಳಿಸ್ತೇನೆ."

ನಾವೆಲ್ಲ ಹೀಗೇ ಅಲ್ವಾ ಕೊಳ್ಳುವುದು? ಮಿಕ್ಸರ್ ಆಗಲಿ, ಫ್ಯಾನ್ ಆಗಲಿ, ಅಂಗಡಿಯಲ್ಲಿಟ್ಟದ್ದನ್ನು ನೋಡುತ್ತೇವೆ, ಡಬ್ಬಿಯಲ್ಲಿದ್ದದ್ದನ್ನು ತರುತ್ತೇವೆ. ಎರಡೂ ಒಂದೇ ಇರುತ್ತದೆ. ಇರಬೇಕು. ಅದೇ ತಾನೇ ವ್ಯಾಪಾರ!

ಸಂಜೆ ಹುಡುಗ ಡಬ್ಬಿ ತಂದ. ಆ ಹೊತ್ತನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಂಗಡಿಯಲ್ಲಿ ನನ್ನಿಂದ ಜರುಗಿಸಲೂ ಆಗದ ದೀಪ. ಇಲ್ಲಿ ಆ ಸಣಕಲು ಹುಡುಗ ಒಂದೇ ಕೈಯಲ್ಲಿ ಡಬ್ಬಿ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಒಂದೇ ಕೈಯಲ್ಲಿ! "ತೆಗೆದು ತೋರಿಸು" ಎಂದೆ. "ಮೊದಲು ಬಾಕಿ ಕೊಡಿ ಅಕ್ಕೋರೇ, ದುಡ್ಡು ತಗೊಂಡೇ ಬಾ ಅಂದಿದ್ದಾರೆ, ಗಾಡಿ ಕಾಯ್ತಾ ಅದೆ" ಎಂದ. ಬಾಕಿ ಇಸಿದುಕೊಂಡ, ಹೋದ. ಡಬ್ಬಿಯ ಮೇಲೆ ತಯಾರಕರ ಹೆಸರಿಲ್ಲ, ವಿಳಾಸವಿಲ್ಲ, ಎಂಆರ್‌ಪಿ ಇಲ್ಲ. ಬರೀ ಕಂದು ರಟ್ಟು.

ಒಳಗೆ ಕೋಲು ನಾಲ್ಕು ತುಂಡು. ತೆಳ್ಳಗಿನ ಕೊಳವೆ, ಮೇಲೆ ಬಂಗಾರದ ಬಣ್ಣ. ಬುಡ ಕಪ್ಪು ಪ್ಲಾಸ್ಟಿಕ್, ಒಳಗೆ ಸ್ವಲ್ಪ ಸಿಮೆಂಟ್. ಅಂಗಡಿಯಲ್ಲಿ ನೋಡಿದ್ದಕ್ಕೆ ಹೋಲ್ಡರ್ ಇತ್ತು, ಬಲ್ಬ್ ಬೇರೆ ಹಾಕಬಹುದಿತ್ತು. ಇದರಲ್ಲಿ ಹೋಲ್ಡರೇ ಇಲ್ಲ. ಎಲ್‌ಇಡಿ ಬಿಲ್ಲೆಯನ್ನು ಒಳಗೇ ಅಂಟಿಸಿಬಿಟ್ಟಿದ್ದಾರೆ. ಅದು ಕೆಟ್ಟರೆ ಇಡೀ ದೀಪ ಎಸೆಯಬೇಕು. ಹಚ್ಚಿ ನೋಡಿದರೆ ಆಸ್ಪತ್ರೆಯ ವಾರ್ಡಿನ ಹಾಗೆ ಬಿಳಿ ಬೆಳಕು. ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು "ಇದೆಂಥಾ ಬೆಳಕು ಮಗಾ, ಆರಿಸು" ಎಂದಳು.

ಆಗಲೇ ಅಂಗಡಿಗೆ ಫೋನ್ ಮಾಡಿದೆ. ಬಂದ ಉತ್ತರ ಕೇಳಿ: "ಸೇಮ್ ಪೀಸೇ ಅಕ್ಕೋರೇ. ಅಂಗಡಿ ಲೈಟಿನಲ್ಲಿ ಒಂದು ಥರ ಕಾಣ್ತದೆ, ಮನೆ ಲೈಟಿನಲ್ಲಿ ಇನ್ನೊಂದು ಥರ." ತೂಕವೂ ಲೈಟಿನಲ್ಲಿ ಬೇರೆ ಆಗುತ್ತದಾ ಎಂದು ಕೇಳಿದೆ. "ಫೋಟೋ ಹಾಕಿ, ನೋಡ್ತೇನೆ." ಫೋಟೋ ಹಾಕಿದೆ. ಹೆಬ್ಬೆರಳಿನ ಗುರುತು ಬಂತು. ಅಷ್ಟೇ. ಮತ್ತೆ ಕೇಳಿದರೆ ಗೋಡೌನಿನವ ಊರಿಗೆ ಹೋಗಿದ್ದಾನೆ. ಮತ್ತೆ ಕೇಳಿದರೆ ಹೊಸ ಮಾಲು ಬರಲಿ, ಬದಲಿ ಕೊಡೋಣ. ಮತ್ತೆ ಕೇಳಿದರೆ ಮಾಲಕರು ಹುಬ್ಬಳ್ಳಿಗೆ ಹೋಗಿದ್ದಾರೆ. ಇದೆಲ್ಲ ಮೇ ತಿಂಗಳಲ್ಲಿ. ಹೀಗೇ ಎಳೆದು ಎಳೆದು ಮಳೆಗಾಲ ಹಿಡಿಯಿತು. ಅವರಿಗೆ ಬೇಕಾದದ್ದೂ ಅದೇ.

ಜೂನಿನ ಮಳೆಗೆ ಕೋಲಿನ ಜೋಡಣೆಯಲ್ಲೆಲ್ಲ ಕೆಂಪು ತುಕ್ಕು ಎದ್ದಿತು. ಶೇಡಿನ ಬಟ್ಟೆಗೆ ಬೂಷ್ಟು. ಒಂದು ರಾತ್ರಿ ಆಯಿ ಏಳುವಾಗ ಕೈ ತಗುಲಿ ದೀಪ ಅಡ್ಡ ಬಿತ್ತು. ಮಂಚದ ಕಡೆಗೆ ಬೀಳದೆ ಗೋಡೆ ಕಡೆಗೆ ಬಿತ್ತು, ದೇವರು ದೊಡ್ಡವನು. ಅದನ್ನು ಎತ್ತಲು ಹೋದಾಗ ನನ್ನ ಕೈಗೆ ಜುಂ ಎಂದಿತು. ಮಳೆಗಾಲ, ಒದ್ದೆ ನೆಲ, ಬರಿಗಾಲು.

ಎಲೆಕ್ಟ್ರಿಷಿಯನ್ ಕರೆಸಿದೆವು. ಆತ ಬುಡ ಬಿಚ್ಚಿ ತೋರಿಸಿದ. ವೈರು ಕೊಳವೆಯ ಒಳಗೆ ಹೋಗುವ ತೂತಿಗೆ ರಬ್ಬರಿನ ಬುಷ್ ಹಾಕಿಲ್ಲ. ಕತ್ತರಿಸಿದ ತಗಡಿನ ಅಂಚು ಹಾಗೇ ಇದೆ. ದೀಪ ಅಲ್ಲಾಡಿದಾಗಲೆಲ್ಲ ಆ ಅಂಚು ವೈರನ್ನು ಕೊರೆದು, ಮೇಲಿನ ಹೊದಿಕೆ ಹರಿದು, ತಾಮ್ರ ಕೊಳವೆಗೆ ತಾಗುತ್ತಿತ್ತು. ಪ್ಲಗ್ ನೋಡಿದರೆ ಎರಡೇ ಪಿನ್. ಮೈಯೆಲ್ಲ ಲೋಹ, ಅರ್ಥಿಂಗ್ ಇಲ್ಲ. ಅರ್ಥಿಂಗ್ ಇಲ್ಲದೆ ಮಾಡುವ ದೀಪಕ್ಕೆ ಒಳಗೆ ಎರಡು ಪದರ ಇನ್ಸುಲೇಶನ್ ಇರಬೇಕಂತೆ, ಅದಕ್ಕೆ ಚೌಕದೊಳಗೆ ಚೌಕ ಇರುವ ಗುರುತು ಹಾಕಿರುತ್ತಾರಂತೆ. ನಮ್ಮದರಲ್ಲಿ ಎಲ್ಲಿ ಹುಡುಕಿದರೂ ಅಂಥ ಗುರುತಿಲ್ಲ. ಇದನ್ನು ಎಂಬತ್ತು ದಾಟಿದ ಮುದುಕಿಯ ಮಂಚದ ಪಕ್ಕಕ್ಕೆ ಎಂದು ಗೊತ್ತಿದ್ದೇ ಕಳಿಸಿದ್ದಾರೆ. ಗೊತ್ತಿದ್ದೇ!

ದೀಪ ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆವು. ಗಿರಾಕಿಗಳು ತುಂಬ ಇದ್ದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿ ಜೊತೆ ಸೋಫಾ ನೋಡುತ್ತ ನಿಂತಿದ್ದ. ನಾನು ಪರ್ಸಿನಿಂದ ಆಯಸ್ಕಾಂತ ತೆಗೆದು ಕೋಲಿಗೆ ಇಟ್ಟೆ. ಟಪ್ ಎಂದು ಅಂಟಿತು. ಹಿತ್ತಾಳೆಗೆ ಆಯಸ್ಕಾಂತ ಅಂಟುವುದಿಲ್ಲ, ಶಾಲೆಯ ಮಕ್ಕಳಿಗೂ ಗೊತ್ತು. ಮಾಲಕರು ಒಂದು ಕ್ಷಣ ಸುಮ್ಮನಾದರು. ಆಮೇಲೆ ಹೇಳಿದ್ದು: "ನಾನು ಹಿತ್ತಾಳೆ ಅಂದದ್ದು ಕಲರಿಗೆ ಅಕ್ಕೋರೇ. ಬ್ರಾಸ್ ಫಿನಿಶ್. ಬಿಲ್ಲಿನಲ್ಲಿ ಎಲ್ಲಿ ಬರೆದದೆ ಹಿತ್ತಾಳೆ ಅಂತ?"

ಬಿಲ್ಲಿನಲ್ಲಿ ಇದ್ದದ್ದು "ಫ್ಲೋರ್ ಲ್ಯಾಂಪ್, 1" ಎಂದಷ್ಟೇ. ಅದೂ ಅವರೇ ಬರೆದದ್ದು.

ತುಕ್ಕು ತೋರಿಸಿದೆ. "ಸಮುದ್ರದ ಹವಾ, ಕಬ್ಬಿಣ ಅಂದಮೇಲೆ ತುಕ್ಕು ಹಿಡಿಯೂದೇ." ನೋಡಿ, ತಮ್ಮ ಬಾಯಿಂದಲೇ ಕಬ್ಬಿಣ ಎಂದರು! ಹಿತ್ತಾಳೆಗೆ ಹಿಡಿಯುವುದು ಕಿಲುಬು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುತ್ತದೆ. ದೇವರ ಮುಂದಿನ ದೀಪ ತೊಳೆಯುವ ಯಾವ ಹೆಂಗಸಿಗೆ ಇದು ಗೊತ್ತಿಲ್ಲ? ಅದನ್ನೇ ಹೇಳಿದೆ. ಉತ್ತರ ಇಲ್ಲ.

ಮೂಲೆಯಲ್ಲಿ ಅದೇ ಡಿಸ್‌ಪ್ಲೇ ದೀಪ ಇನ್ನೂ ಉರಿಯುತ್ತಿತ್ತು. ಅದರ ಕೋಲಿಗೆ ಆಯಸ್ಕಾಂತ ಇಡುತ್ತೇನೆ ಎಂದು ಹೋದರೆ ಹುಡುಗ ಅಡ್ಡ ಬಂದ. "ಮುಟ್ಟಬೇಡಿ, ಅದು ಬುಕ್ ಆಗಿದೆ." ತಿಂಗಳಿನಿಂದ ಬುಕ್ ಆಗಿಯೇ ಇದೆಯಾ ಆ ದೀಪ? ಅದನ್ನೇ ತೋರಿಸಿ ಇನ್ನೂ ಎಷ್ಟು ಮನೆಗೆ ತಗಡಿನ ಕೋಲು ಕಳಿಸಿದ್ದಾರೋ!

ಕೊನೆಗೆ ಶಾಕ್ ಹೊಡೆದ ವಿಷಯ ಎತ್ತಿದೆ, ದೀಪ ಬಿದ್ದ ವಿಷಯ ಎತ್ತಿದೆ. ಆಗ ಅವರು ನಕ್ಕರು. ಎಲ್ಲರ ಮುಂದೆ ನಕ್ಕು ಹೇಳಿದರು: "ನಿಮ್ಮ ಆಯಿ ಹಿಡ್ಕೊಂಡು ಎದ್ದಿರಬೇಕು ಅಕ್ಕೋರೇ. ಅದು ದೀಪ, ಊರುಗೋಲಲ್ಲ." ಪಕ್ಕದಲ್ಲಿದ್ದ ಇಬ್ಬರೂ ನಕ್ಕರು. ನನ್ನ ಹಳೆಯ ವಿದ್ಯಾರ್ಥಿ ತಲೆ ತಗ್ಗಿಸಿ ಬೇರೆ ಕಡೆ ಹೋದ. ನಾಚಿಕೆಯಿಂದ ನನ್ನ ಗಂಟಲು ಕಟ್ಟಿತು. ಮೋಸ ಮಾಡಿದವರು ಗಲ್ಲಾದ ಮೇಲೆ ಆರಾಮಾಗಿ ಕೂತಿದ್ದಾರೆ, ತಲೆ ತಗ್ಗಿಸಿ ನಿಂತಿರುವವಳು ನಾನು. ಈ ಮಾತನ್ನು ನಾನು ಮರೆಯುವುದಿಲ್ಲ. ಆಯಿಗೆ ಇದುವರೆಗೆ ಹೇಳಿಲ್ಲ.

ದುಡ್ಡು ವಾಪಸ್ ಕೇಳಿದರೆ ಬಿಲ್ಲಿನ ಕೆಳಗೆ ಬೆರಳಿಟ್ಟರು: ಮಾರಿದ ಮಾಲು ವಾಪಸ್ ಇಲ್ಲ. ಬೇಕಾದರೆ ಅರ್ಧ ಬೆಲೆಗೆ ಬೇರೆ ಏನಾದರೂ ತೆಗೆದುಕೊಳ್ಳಿ ಎಂದರು. ಇದನ್ನು ಎಲ್ಲರೂ ತಿಳಿದುಕೊಳ್ಳಿ, ಆ ಸಾಲು ಅಚ್ಚು ಹಾಕಿಸಿದ ಮಾತ್ರಕ್ಕೆ ಅವರು ಗೆದ್ದ ಹಾಗಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷ ಇರುವ ವಸ್ತುವನ್ನು ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ಒಪ್ಪದಿರುವುದೇ ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಅವಧಿ ಹೇಳಿರದಿದ್ದರೆ 30 ದಿನ. ನಾನು ಮೊದಲ ದಿನವೇ ಹೇಳಿದ್ದೇನೆ, ಮೆಸೇಜು, ಫೋಟೋ, ಅವರ ಆ ಹೆಬ್ಬೆರಳು ಎಲ್ಲ ನನ್ನ ಫೋನಿನಲ್ಲಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದೆ. ಅಲ್ಲಿಂದ ಕೇಳಿದ್ದಕ್ಕೂ ಅಂಗಡಿಯವರದ್ದು ಅದೇ ರಾಗ, ಬ್ರಾಸ್ ಫಿನಿಶ್. ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿದ್ದೇನೆ. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಯಾವಾಗ ಬೇಕಾದರೂ ದೂರು ಕೊಡಬಹುದು. 6,800ಕ್ಕೆ ಯಾಕೆ ಇಷ್ಟೆಲ್ಲ ಎಂದು ನೆಂಟರು ಕೇಳುತ್ತಾರೆ. ಊರುಗೋಲಿನ ಮಾತು ಅವರಿಗೆ ಆಡಿದ್ದರೆ ತಿಳಿಯುತ್ತಿತ್ತು.

ತೆಗೆದುಕೊಳ್ಳುವವರಿಗೆ ನನ್ನ ಮಾತು ಇಷ್ಟು. ನೋಡಿದ ಪೀಸನ್ನೇ ತನ್ನಿ, ಧೂಳಿದ್ದರೆ ಒರೆಸಿಕೊಂಡರಾಯಿತು. ಇಲ್ಲದಿದ್ದರೆ ಡಬ್ಬಿ ಬಿಚ್ಚಿಸಿ, ಜೋಡಿಸಿ, ಉರಿಸಿ ನೋಡಿದ ಮೇಲೆ ದುಡ್ಡು ಕೊಡಿ. ಗಾಡಿ ಕಾಯಲಿ. ಆಯಸ್ಕಾಂತವನ್ನು ಕೋಲಿಗೆ ಇಡಿ, ಬುಡಕ್ಕಲ್ಲ. ಭಾರಕ್ಕೆಂದು ಬುಡದೊಳಗೆ ಕಬ್ಬಿಣ ಹಾಕುವುದುಂಟು. ಬಿಲ್ಲಿನಲ್ಲಿ "ಹಿತ್ತಾಳೆ" ಎಂದು ಬರೆಸಿ. ಬರೆಯುವುದಿಲ್ಲ ಎಂದರೆ ಅಲ್ಲಿಂದ ಎದ್ದು ಬನ್ನಿ. ಬಲ್ಬ್ ಬದಲಾಯಿಸಲು ಬರುವ ಹೋಲ್ಡರ್ ಇರುವುದನ್ನೇ ಕೇಳಿ. ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್ ಎಂದು ಬರೆದಿರುವ ಹಳದಿ ಬೆಳಕು ಸರಿ, 6500 ಎಂದಿದ್ದರೆ ಅದು ಬಿಳಿ. ಮಂಚದ ಮೇಲೆ ಕೂತಾಗ ಶೇಡಿನ ಕೆಳಗಿನ ಅಂಚು ಕಣ್ಣಿನ ಮಟ್ಟಕ್ಕೆ ಬರಬೇಕು, ಮೇಲಿದ್ದರೆ ಬಲ್ಬ್ ನೇರ ಕಣ್ಣಿಗೆ ಹೊಡೆಯುತ್ತದೆ. ವಯಸ್ಸಾದವರಿದ್ದರೆ ಸ್ವಿಚ್ ಎಲ್ಲಿದೆ ನೋಡಿ, ನೆಲದ ಮೇಲಿನ ವೈರಿನಲ್ಲಿದ್ದರೆ ಬಗ್ಗಿ ಹುಡುಕಬೇಕಾಗುತ್ತದೆ.

ಕಳೆದ ಒಂದೆರಡು ವರ್ಷದಲ್ಲಿ ಈ ಕಡೆ ಬಂಗಾರದ ಬಣ್ಣದ, ನಾಲ್ಕು ತುಂಡು ಜೋಡಿಸುವ, ಕಪ್ಪು ಬುಡದ ಲ್ಯಾಂಪ್ ಯಾರಾದರೂ ತಂದಿದ್ದರೆ, ದಯವಿಟ್ಟು ಇವತ್ತೇ ಪ್ಲಗ್ ಕಿತ್ತು ಇಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಿ. ಎಲೆಕ್ಟ್ರಿಷಿಯನ್ನಿಗೆ ತೋರಿಸಿ, ವೈರು ಒಳಗೆ ಹೋಗುವ ತೂತಿನಲ್ಲಿ ಬುಷ್ ಇದೆಯಾ ನೋಡಿಸಿ. ಇಲ್ಲದಿದ್ದರೆ ಫೋಟೋ ತೆಗೆದು ಬಿಲ್ಲಿನ ಜೊತೆ ನನಗೆ ಕಳಿಸಿ. ಒಬ್ಬಳ ದೂರನ್ನು ಅವರು ನಕ್ಕು ತಳ್ಳಿದರು, ನಾಲ್ಕು ಮನೆಯ ಬಿಲ್ಲು ಒಟ್ಟಿಗೆ ಇಟ್ಟರೆ ಆಯೋಗದ ಮುಂದೆ ಉತ್ತರ ಕೊಡಲೇಬೇಕಾಗುತ್ತದೆ.