ಪೋಲಿಸ್ (Polis) ತಂತ್ರಾಂಶ: ಯುವಜನರ ಮಾತು ಕೇಳಲು ಒಳ್ಳೆಯ ಸಾಧನ, ಹೇಳಿಕೆ ಬರೆಯುವ ಕೈ ಪಳಗಿದ್ದರೆ

ಸ್ಥಳೀಯ ಆಡಳಿತದ ಬಗ್ಗೆ ಜನಾಭಿಪ್ರಾಯ ಸಂಗ್ರಹಿಸಲು ಸಾಮಾನ್ಯವಾಗಿ ಹಿಡಿಯುವುದು ಎರಡೇ ದಾರಿ: ಸಭೆ, ಇಲ್ಲವೇ ಪ್ರಶ್ನಾವಳಿ. ಸಭೆಯಲ್ಲಿ ಮೈಕ್ ಹಿರಿಯರ ಕೈಬಿಟ್ಟು ಕದಲುವುದಿಲ್ಲ. ಪ್ರಶ್ನಾವಳಿಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ. ಇಪ್ಪತ್ತರ ಹರೆಯದವರು ಹೇಳಬೇಕೆಂದುಕೊಂಡ ಮಾತಿಗೆ ಅಲ್ಲಿ ಜಾಗವೇ ಇರುವುದಿಲ್ಲ. ಈ ಎರಡೂ ಕೊರತೆಗಳನ್ನು ಬಹುಮಟ್ಟಿಗೆ ನೀಗಿಸುವ, ಅಂತರಜಾಲದಲ್ಲಿ ಅಭಿಪ್ರಾಯ ಸಂಗ್ರಹಿಸುವ ಮುಕ್ತ ತಂತ್ರಾಂಶ ಪೋಲಿಸ್. 2015ರಲ್ಲಿ ತೈವಾನಿನ ವಿ-ತೈವಾನ್ ಎಂಬ ಸಾರ್ವಜನಿಕ ಚರ್ಚೆಯ ವೇದಿಕೆ ಉಬರ್ ಟ್ಯಾಕ್ಸಿ ಸೇವೆಯ ನಿಯಮಗಳ ಚರ್ಚೆಗೆ ಬಳಸಿದ್ದು ಇದನ್ನೇ.

ಪರದೆಯ ಮೇಲೆ ಒಂದು ಸಲಕ್ಕೆ ಒಂದೇ ಹೇಳಿಕೆ ಬರುತ್ತದೆ. ಒಪ್ಪಬಹುದು, ಒಪ್ಪದಿರಬಹುದು, ದಾಟಿ ಹೋಗಬಹುದು. ಸ್ವಂತ ಹೇಳಿಕೆಯನ್ನೂ ಸೇರಿಸಬಹುದು. ಆದರೆ ಇನ್ನೊಬ್ಬರ ಮಾತಿಗೆ ಉತ್ತರ ಕೊಡುವ ಗುಂಡಿ ಇಲ್ಲ. ಇದರ ಅತ್ಯುತ್ತಮ ಗುಣವೇ ಇದು: ಜಗಳ ಬೆಳೆಯುವುದಿಲ್ಲ, ಹೊಸಬರ ಬಾಯಿ ಮುಚ್ಚಿಸಲು ಯಾರಿಗೂ ಆಗುವುದಿಲ್ಲ. ಒಂದೇ ಬಗೆಯಲ್ಲಿ ಮತ ಹಾಕಿದವರನ್ನು ತಂತ್ರಾಂಶ ಗುಂಪುಗಳಾಗಿ ವಿಂಗಡಿಸಿ, ಎಲ್ಲ ಗುಂಪುಗಳೂ ಒಪ್ಪಿದ ಹೇಳಿಕೆಗಳನ್ನು ಬೇರೆಯಾಗಿ ತೋರಿಸುತ್ತದೆ.

ಕೆಡುವುದು ಬಹುತೇಕ ಆರಂಭದಲ್ಲೇ. ಚರ್ಚೆ ತೆರೆಯುವ ಮುನ್ನ 10ರಿಂದ 15 ಬೀಜ ಹೇಳಿಕೆಗಳನ್ನು, ಅಂದರೆ ಚರ್ಚೆಗೆ ಚಾಲನೆ ಕೊಡುವ ಮೊದಲ ಹೇಳಿಕೆಗಳನ್ನು, ಹಾಕಿಡಬೇಕು. ಅವನ್ನು ಕಚೇರಿಯವರೇ ಬರೆದರೆ ಎಲ್ಲವೂ ಒಂದೇ ದನಿಯಲ್ಲಿರುತ್ತವೆ, ಭಿನ್ನಾಭಿಪ್ರಾಯ ಹೊರಬರುವುದೇ ಇಲ್ಲ. ಅರ್ಧದಷ್ಟನ್ನು ಯುವಜನರಿಂದಲೇ ಬರೆಸಿ. ಆಡಳಿತಕ್ಕೆ ಇಷ್ಟವಾಗದ ಮಾತೂ ಅದರಲ್ಲಿರಲಿ. ಒಂದು ಹೇಳಿಕೆಗೆ ಒಂದೇ ವಿಷಯ, 140 ಅಕ್ಷರದೊಳಗೆ. “ಬಸ್ಸು ಹೆಚ್ಚಿಸಬೇಕು, ಗ್ರಂಥಾಲಯ ರಾತ್ರಿಯೂ ತೆರೆದಿರಬೇಕು” ಎಂದು ಜೋಡಿಸಿದರೆ ಅರ್ಧ ಮಾತ್ರ ಒಪ್ಪುವವರು ದಾಟಿ ಹೋಗುತ್ತಾರೆ. “ಯುವಜನರಿಗೆ ಪ್ರಾಮುಖ್ಯ ಸಿಗಬೇಕು” ಎಂಬುದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ, ತಿಳಿಯುವುದೇನೂ ಇಲ್ಲ. “ಬಜೆಟ್ ಸಭೆ ಸಂಜೆ 6ರ ನಂತರ ನಡೆದರೆ ನಾನು ಬರುತ್ತೇನೆ” ಎಂದು ಬರೆಯಿರಿ. ಆಗ ಬರುವ ಪ್ರತಿ ಮತವೂ ಕೆಲಸಕ್ಕೆ ಬರುತ್ತದೆ.

ತಡವಾಗಿ ಬಂದ ಹೇಳಿಕೆಗೆ ಮತ ಕಡಿಮೆ ಬೀಳುತ್ತದೆ. ನಿರ್ವಾಹಕರ ಅನುಮತಿಯ ನಂತರವೇ ಪ್ರಕಟಿಸುವ ಆಯ್ಕೆ ಇಟ್ಟುಕೊಂಡಿದ್ದರೆ, ಕಾದಿರುವ ಹೇಳಿಕೆಗಳ ಸಾಲನ್ನು ದಿನಕ್ಕೆ ಎರಡು ಸಲವಾದರೂ ಖಾಲಿ ಮಾಡಬೇಕು. ನಾಲ್ಕು ದಿನ ಕಾದ ಹುಡುಗಿ ಮತ್ತೆ ಆ ಪುಟ ತೆರೆಯುವುದಿಲ್ಲ.

ವಯಸ್ಸನ್ನು ಪೋಲಿಸ್ ತಾನಾಗಿ ಕೇಳುವುದಿಲ್ಲ. “ನನಗೆ 25 ತುಂಬಿಲ್ಲ” ಎಂಬ ಹೇಳಿಕೆಯನ್ನು ಸೇರಿಸಿದರೆ ಯುವಜನರು ಎಷ್ಟು ಮಂದಿ ಬಂದಿದ್ದಾರೆಂಬ ಅಂದಾಜು ಸಿಗುತ್ತದೆ. ಆದರೆ ಅದು ಅಭಿಪ್ರಾಯವಲ್ಲ, ಬೀಜ ಹೇಳಿಕೆಗಳ ಲೆಕ್ಕದಲ್ಲಿ ಸೇರಿಸಬೇಡಿ. ಲಿಂಕ್ ಎಲ್ಲರಿಗೂ ತೆರೆದಿದ್ದರೆ ಒಬ್ಬರೇ ಎರಡು ಫೋನಿನಿಂದ ಮತ ಹಾಕಬಹುದು. ಬಂದವರು ತಾವಾಗಿ ಬಂದವರು; ಆದ್ದರಿಂದ “ಶೇಕಡಾ ಇಷ್ಟು ಯುವಜನರ ಬೇಡಿಕೆ” ಎಂದು ವರದಿಯಲ್ಲಿ ಬರೆಯುವುದು ತಪ್ಪು. ನೂರು ಜನರೂ ಸೇರದಿದ್ದರೆ ಗುಂಪುಗಳ ಚಿತ್ರವನ್ನು ನಂಬಬೇಡಿ, ಕೆಲವೇ ಮತಗಳಿಗೆ ಅದು ಅಲುಗಾಡುತ್ತದೆ. ಫೋನ್ ಇಲ್ಲದವರಿಗಾಗಿ ಕಾಲೇಜು, ಗ್ರಂಥಾಲಯಗಳಲ್ಲಿ ಒಂದು ಟ್ಯಾಬ್ಲೆಟ್ ಇಟ್ಟು, ಪ್ರತಿಯೊಬ್ಬರ ನಂತರ ಬ್ರೌಸರ್‌ನ ಹೊಸ ಖಾಸಗಿ ಕಿಟಕಿ ತೆರೆಯಬೇಕು. ಇಲ್ಲದಿದ್ದರೆ ಎಲ್ಲರ ಮತವೂ ಒಬ್ಬರ ಲೆಕ್ಕಕ್ಕೆ ಸೇರುತ್ತದೆ.

ಜನ ಎಲ್ಲಿ ಒಪ್ಪುತ್ತಾರೆ, ಎಲ್ಲಿ ಒಡೆಯುತ್ತಾರೆ ಎಂದು ತಿಳಿಯಲು ಇದನ್ನು ಧೈರ್ಯವಾಗಿ ಬಳಸಿ. ಮತ ಎಣಿಸಿ ತೀರ್ಮಾನಿಸಲು ಬೇಡ. ಒಂದು ದೊಡ್ಡ ಕೊರತೆಯಂತೂ ಇದೆ: ಯಾವ ಹೇಳಿಕೆಯನ್ನು ಕೈಗೆತ್ತಿಕೊಂಡೆವು, ಯಾವುದು ಆಗಲಿಲ್ಲ, ಏಕೆ ಎಂದು ಬರೆಯುವ ಕಾಲಂ ಇದರಲ್ಲಿಲ್ಲ. ಆ ಪಟ್ಟಿಯನ್ನು ಬೇರೆಯಾಗಿ ಮಾಡಿ, ಚರ್ಚೆಯ ಲಿಂಕ್ ಹಂಚಿದ್ದ ಗುಂಪುಗಳಿಗೇ ಕಳುಹಿಸಬೇಕಾಗುತ್ತದೆ.