ಮೂರು ಸೈಲೆನ್ಸರ್, ಒಂದೇ ಎಂಜಿನ್

ಒಂದೇ ಸಿಲಿಂಡರಿನ, ಫ್ಯೂಯಲ್ ಇಂಜೆಕ್ಷನ್ ಇರುವ ನನ್ನ ಮೋಟಾರ್‌ಸೈಕಲ್ಲಿಗೆ ಕಂಪನಿಯ ಮೂಲ ಸೈಲೆನ್ಸರ್, ಹಿಂದಿನ ಡಬ್ಬಿಯನ್ನಷ್ಟೇ ಬದಲಿಸುವ ಸ್ಲಿಪ್-ಆನ್, ಎಂಜಿನ್ನಿನ ಬಾಯಿಂದಲೇ ಹೊಸ ಬೆಂಡ್ ಪೈಪ್ ಕೂರಿಸುವ ಫುಲ್ ಸಿಸ್ಟಮ್, ಈ ಮೂರನ್ನೂ ಒಂದಾದ ಮೇಲೊಂದು ಜೋಡಿಸಿ ಓಡಿಸಿದ್ದೇನೆ. ಪ್ರತಿ ಸಲವೂ ಅದೇ ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ, ಗಂಟೆಗೆ 40ರಿಂದ 80 ಕಿ.ಮೀ. ವೇಗಕ್ಕೆ ಏರಲು ಹಿಡಿಯುವ ಸಮಯವನ್ನು ಸ್ಟಾಪ್‌ವಾಚ್‌ನಲ್ಲಿ ಅಳೆದೆ.

ಸ್ಲಿಪ್-ಆನ್ ಹಾಕಿದ ದಿನ ಪಿಕಪ್ ಹೆಚ್ಚಿತೆಂದು ಪ್ರಮಾಣ ಮಾಡಿ ಹೇಳಬಲ್ಲವನಾಗಿದ್ದೆ. ಸ್ಟಾಪ್‌ವಾಚ್ ಮಾತ್ರ ಅದನ್ನು ಒಪ್ಪಲಿಲ್ಲ. ಬದಲಾದದ್ದು ಸದ್ದು. ಮೂಲ ಸೈಲೆನ್ಸರಿನೊಳಗಿನ ಕೋಣೆಗಳಲ್ಲಿ ಶಬ್ದದ ಅಲೆಗಳು ಗೋಡೆಗೆ ಬಡಿದು ಮರಳಿ ಒಂದನ್ನೊಂದು ಕುಗ್ಗಿಸುತ್ತವೆ. ಸ್ಲಿಪ್-ಆನ್‌ನಲ್ಲಿರುವುದು ತೂತುಗಳುಳ್ಳ ನೇರ ಕೊಳವೆ ಮತ್ತು ಅದರ ಸುತ್ತ ತುಂಬಿದ ಗ್ಲಾಸ್ ವೂಲ್. ಅದು ಕೀರಲು ಸ್ವರವನ್ನು ಚೆನ್ನಾಗಿ ಹೀರುತ್ತದೆಯಾದರೂ ಗಡಸು ದನಿಯನ್ನು ಹೊರಗೆ ಬಿಡುತ್ತದೆ. 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಆದರೆ ಕಿವಿಗೆ ಇಮ್ಮಡಿಯೆನಿಸಲು ಸುಮಾರು 10 ಡೆಸಿಬೆಲ್ ಬೇಕು. ಸದ್ದು ತಗ್ಗಿಸಲು ಸ್ಲಿಪ್-ಆನ್‌ನ ಬಾಯಲ್ಲಿ ಕೂರಿಸುವ ಡಿಬಿ ಕಿಲ್ಲರ್ ಎಂಬ ತುಂಡನ್ನು ತೆಗೆದು ಓಡಿಸಿದಾಗ ಮೊದಲ ಅರ್ಧ ಗಂಟೆ ಸಂಭ್ರಮವಿತ್ತು, ಎರಡನೇ ಗಂಟೆಗೆ ತಲೆನೋವು ಬಂತು.

ಫುಲ್ ಸಿಸ್ಟಮ್‌ನ ಕಥೆ ಬೇರೆ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಹೊರಟ ಒತ್ತಡದ ಅಲೆ ಕೊಳವೆಯ ತೆರೆದ ತುದಿಯಿಂದ ಸೆಳೆತದ ಅಲೆಯಾಗಿ ಮರಳುತ್ತದೆ. ಒಳಬಿಡುವ ಮತ್ತು ಹೊರಬಿಡುವ ಎರಡೂ ವಾಲ್ವುಗಳು ತೆರೆದಿರುವ ಆ ಚಿಕ್ಕ ಗಳಿಗೆಗೆ ಅದು ಸರಿಯಾಗಿ ತಲುಪಿದರೆ ಉಳಿದ ಹೊಗೆಯನ್ನು ಎಳೆದು ಹಾಕಿ ಹೊಸ ಮಿಶ್ರಣಕ್ಕೆ ಜಾಗ ಮಾಡಿಕೊಡುತ್ತದೆ. ಈ ಹೊಂದಾಣಿಕೆ ಕೊಳವೆಯ ಉದ್ದಕ್ಕೆ ತಕ್ಕ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ವೇಗದಲ್ಲಿ) ಮಾತ್ರ ಒದಗುತ್ತದೆ. ನನ್ನ ಅಗಲವಾದ ಬೆಂಡ್ ಪೈಪಿನಲ್ಲಿ ಅನಿಲದ ವೇಗ ತಗ್ಗಿದ್ದರಿಂದ ಕೆಳಗಿನ ಆರ್‌ಪಿಎಂನಲ್ಲಿ ಗಾಡಿ ಮೂಲ ಸ್ಥಿತಿಗಿಂತ ಮಂಕಾಯಿತು. ಅದರ ಮೇಲೆ, ನಿಧಾನವಾಗಿ ಓಡಿಸುವಾಗ ಆಕ್ಸಿಜನ್ ಸೆನ್ಸರ್ ಗಾಳಿ-ಪೆಟ್ರೋಲ್ ಮಿಶ್ರಣವನ್ನು ತೂಕದಲ್ಲಿ 14.7:1ರ ಆಸುಪಾಸಿನಲ್ಲಿ ಕಾಯ್ದುಕೊಂಡರೂ, ಥ್ರಾಟಲ್ ಪೂರ್ತಿ ತಿರುಗಿಸಿದಾಗ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಎಷ್ಟು ಪೆಟ್ರೋಲ್ ಬಿಡಬೇಕೆಂದು ಹೇಳುವ ತನ್ನ ಹಳೆಯ ಪಟ್ಟಿಯನ್ನೇ, ಅಂದರೆ ಮ್ಯಾಪನ್ನೇ, ನಂಬುತ್ತದೆ, ಆ ಮ್ಯಾಪಿಗೆ ಹೊಸ ಕೊಳವೆಯ ಸುದ್ದಿಯೇ ಗೊತ್ತಿರುವುದಿಲ್ಲ. ರೀಮ್ಯಾಪ್ ಮಾಡಿಸಿದ ಮೇಲೆ ಮೇಲಿನ ಆರ್‌ಪಿಎಂನಲ್ಲಿ ನಿಜವಾದ ಲಾಭ ಕಂಡಿತು. ದಿನನಿತ್ಯದ ಓಡಾಟದಲ್ಲಿ ಅಲ್ಲಿಗೆ ತಲುಪುವುದೇ ಅಪರೂಪ. ಥ್ರಾಟಲ್ ಬಿಟ್ಟಾಗ ಕೇಳುತ್ತಿದ್ದ ಪಟಪಟ ಸದ್ದಿಗೂ ಮ್ಯಾಪನ್ನೇ ದೂರುತ್ತಿದ್ದೆ, ಆದರೆ ನಾನೇ ಮರುಬಳಸಿದ ಹಳೆಯ ಗ್ಯಾಸ್ಕೆಟ್ಟಿನ ಸಂದಿಯಿಂದ ಗಾಳಿ ಒಳನುಗ್ಗಿ, ಉರಿಯದೆ ಉಳಿದ ಪೆಟ್ರೋಲ್ ಬಿಸಿ ಕೊಳವೆಯಲ್ಲಿ ಹೊತ್ತಿಕೊಳ್ಳುತ್ತಿತ್ತು.

ತೂಕ ಎರಡರಲ್ಲೂ ಇಳಿಯಿತು, ಫುಲ್ ಸಿಸ್ಟಮ್‌ನಲ್ಲಿ ಹೆಚ್ಚು. ಆದರೆ ಅದರಲ್ಲಿ ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರಲಿಲ್ಲ. ಹೊಗೆಯ ವಾಸನೆ ಕಣ್ಣಿಗೆ ತಾಗುತ್ತಿತ್ತು, ಕನ್ವರ್ಟರ್ ಕಿತ್ತ ಗಾಡಿಯನ್ನು ಸಾರ್ವಜನಿಕ ರಸ್ತೆಗಿಳಿಸಲು ಅನೇಕ ದೇಶಗಳ ಕಾನೂನು ಒಪ್ಪುವುದೂ ಇಲ್ಲ. ಫುಲ್ ಸಿಸ್ಟಮನ್ನು ಕಳಚಿಟ್ಟು ಮ್ಯಾಪನ್ನೂ ಹಿಂದಿನಂತೆ ಮಾಡಿಸಿದ್ದೇನೆ. ಈಗ ಗಾಡಿಯಲ್ಲಿರುವುದು ಡಿಬಿ ಕಿಲ್ಲರ್ ಸಹಿತ ಸ್ಲಿಪ್-ಆನ್. ಅದರ ಗ್ಲಾಸ್ ವೂಲ್ ಸುಟ್ಟು ಸವೆದಂತೆಲ್ಲ ಸದ್ದು ಒರಟಾಗುವುದರಿಂದ ಒಮ್ಮೆ ಹೊಸದಾಗಿ ತುಂಬಿಸಿದ್ದಾಗಿದೆ. ದೂರದ ಪ್ರಯಾಣವಿದ್ದರೆ ಹಿಂದಿನ ಸಂಜೆಯೇ ಮೂಲ ಸೈಲೆನ್ಸರ್ ಮತ್ತೆ ತನ್ನ ಜಾಗಕ್ಕೆ ಬರುತ್ತದೆ.